ರಿವರ್‌ನಲ್ಲಿ ಮುಕ್ಕಾಲು ಪಾಟ್ ಬೆಟ್: ಎದುರಾಳಿಯ ರೇಂಜ್ ಎಣಿಸುವುದು ಹೇಗೆ?

ಬಿಗ್‌ಬ್ಲೈಂಡ್_ಕಾವಲು

ಆರು ಜನರ ಆನ್‌ಲೈನ್ ಕ್ಯಾಶ್ ಟೇಬಲ್, ನೋ ಲಿಮಿಟ್ ಹೋಲ್ಡೆಮ್, ನನ್ನ ಮುಂದೆಯೂ ಎದುರಾಳಿಯ ಮುಂದೆಯೂ 100 ಬಿಬಿ (ಬಿಗ್ ಬ್ಲೈಂಡ್, ಅಂದರೆ ಕಡ್ಡಾಯವಾಗಿ ಹಾಕುವ ದೊಡ್ಡ ಪಣ; ಮುಂದಿನ ಮೊತ್ತಗಳೆಲ್ಲ ಇದೇ ಅಳತೆಯಲ್ಲಿ). ಮೊದಲ ಸೀಟಿನ ಆಟಗಾರ 2.5 ಬಿಬಿಗೆ ತೆರೆದ (ಮೊದಲ ರೇಸ್ ಮಾಡಿದ). ಉಳಿದವರೆಲ್ಲ ಎಲೆ ಎಸೆದರು. ಬಿಗ್ ಬ್ಲೈಂಡ್‌ನಲ್ಲಿ ನನ್ನ ಹತ್ತಿರ ಎ♦ಜೆ♦ ಇದೆ, ಕಾಲ್. ಪಾಟ್ 5.5.

ಫ್ಲಾಪ್ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ಜೆ♠ 8♠ 4♦. ನಾನು ಚೆಕ್ (ಬೆಟ್ ಮಾಡದೆ ಬಿಟ್ಟೆ), ಆತ 3.5 ಬೆಟ್, ನಾನು ಕಾಲ್. ಪಾಟ್ 12.5.
ಟರ್ನ್ (ನಾಲ್ಕನೇ ಎಲೆ) 2♣. ಚೆಕ್, ಆತ 9 ಬೆಟ್, ಕಾಲ್. ಪಾಟ್ 30.5.
ರಿವರ್ (ಐದನೇ, ಕೊನೆಯ ಎಲೆ) 2♥. ಚೆಕ್, ಆತ 23 ಬೆಟ್.

ಹಡ್‌ನಲ್ಲಿ (ಎದುರಾಳಿಯ ಹಿಂದಿನ ಆಟದ ಅಂಕಿ ತೋರಿಸುವ ತಂತ್ರಾಂಶ) ಇರುವುದು: 640 ಕೈ, ವಿಪಿಪ್ (ತಾನಾಗಿ ಹಣ ಹಾಕಿ ಆಡಿದ ಕೈಗಳ ಪ್ರತಿಶತ) 21, ಪಿಎಫ್‌ಆರ್ (ಫ್ಲಾಪ್‌ಗೆ ಮುಂಚೆ ರೇಸ್ ಮಾಡಿದ ಪ್ರತಿಶತ) 17. ಮೊದಲ ಸೀಟಿನಿಂದ ತೆರೆದದ್ದು 105ರಲ್ಲಿ 14 ಸಲ. ಫ್ಲಾಪ್ ಸಿ-ಬೆಟ್ (ಮೊದಲು ರೇಸ್ ಮಾಡಿದವನೇ ಮುಂದುವರಿಸುವ ಬೆಟ್) 62ರಲ್ಲಿ 36, ಟರ್ನ್ 20ರಲ್ಲಿ 9, ರಿವರ್ 7ರಲ್ಲಿ 3.

ಇಂಥ ಜಾಗದಲ್ಲಿ "ಕೆ-ಕೆ ಇರಬೇಕು" ಅಂತಲೋ "ಫ್ಲಶ್ ಡ್ರಾ ಬರಲಿಲ್ಲ, ಬ್ಲಫ್ ಹೊಡೀತಿದಾನೆ" ಅಂತಲೋ ಒಂದು ಕೈ ಹಿಡಿದುಕೊಂಡು ನಿರ್ಧಾರ ಮಾಡುವುದು ಸುಲಭ. ಕಾಲ್ ಮಾಡಬೇಕೇ ಬೇಡವೇ ಅನ್ನುವುದಕ್ಕಿಂತ, ಲೆಕ್ಕ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವುದನ್ನು ಪೂರ್ತಿ ಬಿಡಿಸಿ ಹೇಳಿದರೆ ಉಪಕಾರ.

ಕಾಂಬೊ_ಎಣಿಕೆ

ಒಳ್ಳೆಯ ಕೈ ಹಾಕಿದ್ದೀರಿ. ಬೋರ್ಡ್ ಸರಳವಾಗಿದೆ, ಪ್ರತಿ ಹೆಜ್ಜೆಯನ್ನೂ ಕಾಗದದ ಮೇಲೆ ಬರೆದು ಎಣಿಸಬಹುದು.

ಬುಡದಿಂದ ಶುರು ಮಾಡೋಣ. ಎರಡು ಎಲೆಯ ಕೈಗಳು ಒಟ್ಟು 1326. ಯಾವುದೇ ಜೋಡಿ 6 ಥರ ಬರುತ್ತದೆ, ಸೂಟೆಡ್ ಕೈ (ಎರಡೂ ಎಲೆ ಒಂದೇ ಸೂಟಿನವು) 4 ಥರ, ಆಫ್‌ಸೂಟ್ 12 ಥರ. ಹಾಗಾಗಿ ಎ-ಕೆ ಒಟ್ಟು 16, ಎ-ಎ ಬರೀ 6. ಈ ಮೂರು ಅಂಕಿ ಬಾಯಿಪಾಠ ಇರಲೇಬೇಕು. ರೇಂಜ್ (ಆತನ ಹತ್ತಿರ ಇರಬಹುದಾದ ಎಲ್ಲ ಕೈಗಳು) ಅಂದಾಜು ಅಂದರೆ ಈ ಕಾಂಬೊಗಳನ್ನು (ಎರಡೆರಡು ಎಲೆಯ ಜೋಡಣೆಗಳನ್ನು) ಒಂದೊಂದೇ ಬೀದಿಯಲ್ಲಿ (ಬೆಟ್ ಸುತ್ತಿನಲ್ಲಿ) ಜರಡಿ ಹಿಡಿಯುವುದು, ಅಷ್ಟೇ. ಜರಡಿಯಿಂದ ಒಮ್ಮೆ ಉದುರಿದ್ದು ಮತ್ತೆ ಒಳಗೆ ಬರುವಂತಿಲ್ಲ.

ಆತ ಮೊದಲ ಸೀಟಿನಿಂದ ತೆರೆಯುವುದು ಸುಮಾರು 13%. ಆ ಅಳತೆಗೆ ಸಾಮಾನ್ಯವಾಗಿ ಹೊಂದುವ ಪಟ್ಟಿ ಇದು: 5-5ರಿಂದ ಎ-ಎ ತನಕ ಎಲ್ಲ ಜೋಡಿ. ಸೂಟೆಡ್‌ನಲ್ಲಿ ಎ-ಕೆ, ಎ-ಕ್ಯೂ, ಎ-ಜೆ, ಎ-10, ಎ-9, ಎ-5, ಎ-4, ಕೆ-ಕ್ಯೂ, ಕೆ-ಜೆ, ಕೆ-10, ಕ್ಯೂ-ಜೆ, ಕ್ಯೂ-10, ಜೆ-10, 10-9, 9-8. ಆಫ್‌ಸೂಟ್‌ನಲ್ಲಿ ಎ-ಕೆ, ಎ-ಕ್ಯೂ, ಎ-ಜೆ, ಕೆ-ಕ್ಯೂ.

ಹತ್ತು ಜೋಡಿಗೆ 60, ಹದಿನೈದು ಸೂಟೆಡ್ ಕೈಗೆ 60, ನಾಲ್ಕು ಆಫ್‌ಸೂಟ್‌ಗೆ 48. ಒಟ್ಟು 168, ಅಂದರೆ 12.7%. ಹಡ್ ಹೇಳುವುದಕ್ಕೆ ಸರಿಯಾಗಿ ಕೂತಿತು.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ವಿಪಿಪ್ 21 ಅನ್ನುವುದನ್ನೇ ತೆಗೆದುಕೊಂಡು 21% ಕೈಗಳನ್ನು ಕೊಡುತ್ತಾರೆ. ಆ 21 ಎಲ್ಲ ಸೀಟುಗಳ ಸರಾಸರಿ. ಅದೇ ಆಟಗಾರ ಬಟನ್‌ನಿಂದ (ಡೀಲರ್ ಸೀಟು) 40%ಕ್ಕೂ ಹೆಚ್ಚು ತೆರೆಯುತ್ತಿರಬಹುದು, ಮೊದಲ ಸೀಟಿನಿಂದ 13. ಸೀಟು ನೋಡದೆ ಕೊಟ್ಟ ರೇಂಜ್‌ನಲ್ಲಿ ಜೆ-9, 7-6 ಥರದ್ದೆಲ್ಲ ನುಗ್ಗಿಬಿಡುತ್ತದೆ. ಮುಂದಿನ ಪ್ರತಿ ಬೀದಿಯಲ್ಲೂ ಆ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಛೇದ_ನೋಡಿ

ಪಟ್ಟಿಗೆ ನನ್ನ ತಕರಾರಿಲ್ಲ. ಆದರೆ 13% ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ನೋಡಬೇಡಿ. 105ರಲ್ಲಿ 14 ಅಂದರೆ ಅಂಕಿಅಂಶದ ತಪ್ಪಿನ ಅಂತರ ಎರಡೂ ಕಡೆ ಆರೂವರೆ ಪ್ರತಿಶತದಷ್ಟಿದೆ. ಅಸಲಿ ಸಂಖ್ಯೆ 7 ಇರಬಹುದು, 20 ಕೂಡ ಇರಬಹುದು. ಸೀಟಿನ ಅಂಕಿ ಇಷ್ಟು ಸಡಿಲ ಇದ್ದಾಗ ಒಟ್ಟಾರೆ ವಿಪಿಪ್, ಪಿಎಫ್‌ಆರ್ ಜೊತೆ ಇಟ್ಟು ನೋಡಿ. 640 ಕೈಗೆ 21/17 ಅನ್ನುವುದು ಗಟ್ಟಿ ಮಾಹಿತಿ, ಹೆಚ್ಚೆಂದರೆ ಮೂರು ಅಂಕ ಆಚೀಚೆ. 21/17 ಆಡುವವನು ಮೊದಲ ಸೀಟಿನಿಂದ 12ರಿಂದ 15 ತೆರೆಯುವುದು ವಾಡಿಕೆ. ಎರಡು ದಾರಿಯಿಂದಲೂ ಒಂದೇ ಊರಿಗೆ ಬಂದೆವು, ಹಾಗಾಗಿ 168 ನಂಬಬಹುದು.

ಹಡ್‌ನಲ್ಲಿ ಪ್ರತಿಶತದ ಪಕ್ಕ "ಎಷ್ಟರಲ್ಲಿ ಎಷ್ಟು" ಅನ್ನುವುದನ್ನು ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಪೋಕರ್‌ಟ್ರ್ಯಾಕರ್‌ನಲ್ಲೂ ಹೋಲ್ಡೆಮ್ ಮ್ಯಾನೇಜರ್‌ನಲ್ಲೂ ಇದೆ. 24 ವಿಪಿಪ್ 50 ಕೈಯಲ್ಲಿ ಕಂಡರೆ ಅದು 12ರಿಂದ 36ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದೇ 24 ಸಾವಿರ ಕೈಯಲ್ಲಿ ಕಂಡರೆ 21ರಿಂದ 27. 3-ಬೆಟ್‌ಗೆ (ಮೊದಲ ರೇಸ್ ಮೇಲೆ ಮತ್ತೊಂದು ರೇಸ್) ಇನ್ನೂ ಹೆಚ್ಚು ಕೈ ಬೇಕು, ಯಾಕೆಂದರೆ ಅವಕಾಶವೇ ಕಡಿಮೆ. ರಿವರ್ ಅಂಕಿಗಳಂತೂ ಸಾವಿರಾರು ಕೈ ಆದಮೇಲೆ ಮಾತಾಡುತ್ತವೆ. 7ರಲ್ಲಿ 3 ಅನ್ನುವುದನ್ನು 43% ಅಂತ ಓದಿ ನಿರ್ಧಾರ ಮಾಡಬೇಡಿ. ಅದರಲ್ಲಿ ಮಾಹಿತಿ ಇಲ್ಲ ಅಂತಲೇ ತಿಳಿಯಿರಿ.

ಬಿಗ್‌ಬ್ಲೈಂಡ್_ಕಾವಲು

ಇಲ್ಲಿವರೆಗೆ ಸ್ಪಷ್ಟ. 168ರಿಂದ ಫ್ಲಾಪ್, ಟರ್ನ್ ದಾಟುವುದು ಹೇಗೆ? ಯಾವ ಕೈ ಬೆಟ್ ಮಾಡುತ್ತಾನೆ, ಯಾವುದು ಚೆಕ್ ಅನ್ನುವಲ್ಲಿ ಊಹೆ ಶುರುವಾಗುತ್ತದಲ್ಲ?

ಕಾಂಬೊ_ಎಣಿಕೆ

ಊಹೆಗೆ ಮೊದಲು ಊಹೆ ಬೇಕಿಲ್ಲದ ಕೆಲಸ ಮುಗಿಸಿ: ನಮಗೆ ಕಾಣುವ ಎಲೆಗಳನ್ನು ತೆಗೆಯುವುದು. ಎ♦, ಜೆ♦ ನಮ್ಮ ಕೈಯಲ್ಲಿವೆ, ಜೆ♠ 8♠ 4♦ ಬೋರ್ಡಿನಲ್ಲಿ.

ಎ-ಎ ಆರರಿಂದ 3ಕ್ಕೆ ಇಳಿಯಿತು. ಜೆ-ಜೆ ಆರರಿಂದ 1ಕ್ಕೆ, ಯಾಕೆಂದರೆ ಉಳಿದ ಜ್ಯಾಕ್ ಎರಡೇ. 8-8 ಮೂರಕ್ಕೆ. ಎ-ಜೆ ಹದಿನಾರು ಇದ್ದದ್ದು 3 ಏಸ್ × 2 ಜ್ಯಾಕ್ = 6. ಕೆ-ಜೆ, ಕ್ಯೂ-ಜೆ, ಜೆ-10 ಸೂಟೆಡ್ ತಲಾ 2. ಹೀಗೆ ಪೂರ್ತಿ ಪಟ್ಟಿ ಇಳಿಸಿದರೆ ಜೋಡಿಗಳು 49, ಸೂಟೆಡ್ 45, ಆಫ್‌ಸೂಟ್ 34. ಒಟ್ಟು 128. ಆತ ಇನ್ನೂ ಏನೂ ಮಾಡಿಲ್ಲ, ಆಗಲೇ 40 ಕಾಂಬೊ ಹೋದವು.

ಈಗ ಫ್ಲಾಪ್ ಬೆಟ್. ಹಡ್ 58% ಅನ್ನುತ್ತದೆ. 128ರ 58% ಅಂದರೆ 74ರ ಆಸುಪಾಸು. ಊಹೆಯನ್ನು ಈ ಅಂಕಿಗೆ ಕಟ್ಟಿಹಾಕಬೇಕು. ಬೆಟ್ ಮಾಡಲು ಕಾರಣ ಇರುವ ಕೈಗಳನ್ನು ಮೇಲಿನಿಂದ ತುಂಬುತ್ತಾ ಬನ್ನಿ:

ಎ-ಎ 3, ಕೆ-ಕೆ 6, ಕ್ಯೂ-ಕ್ಯೂ 6, ಜೆ-ಜೆ 1, 8-8 3. ಇಲ್ಲಿಗೆ 19.
ಎ-ಜೆ 6, ಕೆ-ಜೆ 2, ಕ್ಯೂ-ಜೆ 2, ಜೆ-10 2. ಇಲ್ಲಿಗೆ 31.
10-10, 9-9 ತಲಾ 6. ಇಲ್ಲಿಗೆ 43.
ಇಸ್ಪೀಟ್ ಫ್ಲಶ್ ಡ್ರಾ (ನಾಲ್ಕು ಇಸ್ಪೀಟ್ ಇದ್ದು ಐದನೆಯದಕ್ಕೆ ಕಾಯುವ ಕೈ) 10, ಬೇರೆ ಸೂಟಿನ 10-9 ಮೂರು, ಬೇರೆ ಸೂಟಿನ ಕ್ಯೂ-10 ಮೂರು. ಇಲ್ಲಿಗೆ 59.
ಒಂದು ಇಸ್ಪೀಟ್ ಎಲೆ ಇರುವ ಆಫ್‌ಸೂಟ್ ಎ-ಕೆ 5, ಎ-ಕ್ಯೂ 5, ಕೆ-ಕ್ಯೂ 6. ಇಲ್ಲಿಗೆ 75.

75 ಅಂದರೆ 58.6%. ಹಾಗಾದರೆ 7-7, 6-6, 5-5, ಇಸ್ಪೀಟ್ ಇಲ್ಲದ ಎ-ಕೆ, 9-8 ಇವೆಲ್ಲ ಚೆಕ್ ಆಗುವ ಕಡೆ ಬಿದ್ದವು. ಒಂದೆರಡು ಕೈ ಆಚೀಚೆ ಆಗಬಹುದು, ಚಿಂತೆ ಇಲ್ಲ. ನಾವು ತುಂಬಿದ ರೇಂಜ್ 100ಕ್ಕೆ ಹೋದರೆ ಅಥವಾ 40ಕ್ಕೆ ನಿಂತರೆ ಮಾತ್ರ ಎಲ್ಲೋ ತಪ್ಪಿದೆ ಅಂತ ಅರ್ಥ.

ಟರ್ನ್ 2♣ ಯಾರಿಗೂ ಏನೂ ಕೊಡದ ಎಲೆ. ಆತನ ಪಟ್ಟಿಯಲ್ಲಿ 2 ಇರುವ ಕೈಯೇ ಇಲ್ಲ. ಇಲ್ಲಿ ಮತ್ತೆ 9, ಮುಕ್ಕಾಲು ಪಾಟ್‌ಗೆ ಹತ್ತಿರ. 10-10, 9-9 ಹಾಗೂ ದುರ್ಬಲ ಜ್ಯಾಕ್‌ಗಳು ಇಷ್ಟು ದೊಡ್ಡ ಬೆಟ್‌ನ ಎರಡನೇ ಸುತ್ತಿಗೆ ಬರುವುದು ಕಡಿಮೆ. ಒಂದೇ ಇಸ್ಪೀಟ್‌ನ ಎ-ಕೆ, ಎ-ಕ್ಯೂ, ಕೆ-ಕ್ಯೂ ಕೈಬಿಡುತ್ತವೆ. ಬೇರೆ ಸೂಟಿನ ಕ್ಯೂ-10ಗೆ ಬರೀ ಗಟ್‌ಶಾಟ್ (ಸ್ಟ್ರೇಟ್ ಆಗಲು ನಡುವಿನ 9 ಒಂದೇ ಬೇಕು), ಅದೂ ಬೆಟ್ ನಿಲ್ಲಿಸುತ್ತದೆ. ಎ♠4♠ಗೆ ಜೋಡಿ ಇದೆ, ಚೆಕ್ ಮಾಡಿ ಉಚಿತವಾಗಿ ರಿವರ್ ನೋಡುತ್ತದೆ. ಉಳಿದದ್ದು: ಬಲವಾದ 19, ಎ-ಜೆ 6, ಇಸ್ಪೀಟ್ ಡ್ರಾ 9, ಬೇರೆ ಸೂಟಿನ 10-9 ಮೂರು. ಒಟ್ಟು 37. 75ರಲ್ಲಿ 37 ಅಂದರೆ 49%. ಹಡ್‌ನ 20ರಲ್ಲಿ 9ಕ್ಕೆ ಹತ್ತಿರವೇ ಇದೆ.

ಮೂರನೇ_ಬೀದಿ

ಇಸ್ಪೀಟ್ ಡ್ರಾ ಫ್ಲಾಪ್‌ನಲ್ಲಿ 10 ಹೇಗೆ? ಪಟ್ಟಿಯಲ್ಲಿ ಹದಿನೈದು ಸೂಟೆಡ್ ಕೈ ಇವೆ, ಪ್ರತಿಯೊಂದಕ್ಕೂ ಒಂದು ಇಸ್ಪೀಟ್ ಕಾಂಬೊ ಇರುತ್ತದೆ. 15 ಆಗಬೇಕಿತ್ತು. ಬ್ಲಫ್ ಅಷ್ಟು ಹೆಚ್ಚಾದರೆ ಕಾಲ್ ಬಹಳ ಸುಲಭ.

ಕಾಂಬೊ_ಎಣಿಕೆ

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಬ್ಲಫ್ ಎಣಿಸುವಾಗ ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇದೇ ಜಾಗದಲ್ಲಿ. ಜೆ♠ ಬೋರ್ಡಿನ ಮೇಲೇ ಇದೆ. ಹಾಗಾಗಿ ಎ♠ಜೆ♠, ಕೆ♠ಜೆ♠, ಕ್ಯೂ♠ಜೆ♠, ಜೆ♠10♠ ಯಾರ ಕೈಯಲ್ಲೂ ಇರಲು ಸಾಧ್ಯವಿಲ್ಲ. 8♠ ಕೂಡ ಬೋರ್ಡಿನಲ್ಲಿದೆ, 9♠8♠ ಹೋಯಿತು. 15ರಲ್ಲಿ 5 ಕಳೆದರೆ 10. ಎ♠4♠ ಬಿಟ್ಟರೆ 9: ಎ♠ಕೆ♠, ಎ♠ಕ್ಯೂ♠, ಎ♠10♠, ಎ♠9♠, ಎ♠5♠, ಕೆ♠ಕ್ಯೂ♠, ಕೆ♠10♠, ಕ್ಯೂ♠10♠, 10♠9♠.

ಬೋರ್ಡಿನಲ್ಲಿ ಎತ್ತರದ ಎಲೆ ಯಾವ ಸೂಟಿನದು ಅನ್ನುವುದು ಇಷ್ಟು ಮುಖ್ಯ. ಇದೇ ಫ್ಲಾಪ್ ಜೆ♥ 8♠ 4♠ ಆಗಿದ್ದರೆ ಜ್ಯಾಕ್ ಇಸ್ಪೀಟ್‌ಗಳು ರೇಂಜ್‌ನಲ್ಲಿ ಉಳಿಯುತ್ತಿದ್ದವು. ಆದರೆ ಅವು ಟಾಪ್ ಪೇರ್ ಕೈಗಳು, ಬ್ಲಫ್ ಅಲ್ಲ. ಫ್ಲಶ್ ಡ್ರಾ ಅಂದ ಕೂಡಲೇ ಬ್ಲಫ್ ಖಾತೆಗೆ ಬರೆಯಬೇಡಿ, ಜೊತೆಗೆ ಜೋಡಿ ಇದೆಯೇ ನೋಡಿ.

ಬೆಲೆ_ಲೆಕ್ಕ

ಈಗ ಬೆಲೆ. 23 ಹಾಕಿ 76.5ರ ಪಾಟ್‌ಗೆ ಕೈಹಾಕುತ್ತೇವೆ (30.5 + 23 + 23). 23 ÷ 76.5 = 30%. ನೂರು ಸಲದಲ್ಲಿ ಮೂವತ್ತಕ್ಕಿಂತ ಸ್ವಲ್ಪ ಹೆಚ್ಚು ಗೆದ್ದರೆ ಕಾಲ್ ನಷ್ಟವಲ್ಲ.

ಟೇಬಲ್ ಮುಂದೆ ಕೂತಾಗ ಇನ್ನೊಂದು ರೂಪದಲ್ಲಿ ಇಟ್ಟುಕೊಂಡರೆ ವೇಗ ಸಿಗುತ್ತದೆ. ಬೆಟ್ ÷ (ಪಾಟ್ + ಬೆಟ್) ಮಾಡಿ. ಇಲ್ಲಿ 23 ÷ 53.5 = 0.43. ನಮ್ಮನ್ನು ಸೋಲಿಸುವ ಕಾಂಬೊ ಎಷ್ಟಿವೆಯೋ ಅದನ್ನು 0.43ರಿಂದ ಗುಣಿಸಿ, ಅಷ್ಟು ಬ್ಲಫ್ ಇದ್ದರೆ ಸಮ. 19 × 0.43 = 8.2. ಅಂದರೆ 9 ಬ್ಲಫ್ ಇದ್ದರೆ ಕಾಲ್, 8 ಇದ್ದರೆ ಕೂದಲೆಳೆಯ ಅಂತರದಲ್ಲಿ ಫೋಲ್ಡ್.

ಅರ್ಧ ಪಾಟ್ ಬೆಟ್‌ಗೆ ಗುಣಕ 0.33, ಪೂರ್ತಿ ಪಾಟ್‌ಗೆ 0.5, ಪಾಟ್‌ನ ಎರಡರಷ್ಟಕ್ಕೆ 0.67. ಈ ನಾಲ್ಕೇ ಅಂಕಿ ನೆನಪಿದ್ದರೆ ರಿವರ್‌ನಲ್ಲಿ ಭಾಗಾಕಾರವೇ ಬೇಡ.

ಟರ್ನ್ ದಾಟಿ ಬಂದ 12 ಬ್ಲಫ್‌ಗಳನ್ನೂ (ಇಸ್ಪೀಟ್ ಡ್ರಾ 9, ಬೇರೆ ಸೂಟಿನ 10-9 ಮೂರು) ಆತ ಹೊಡೆದರೆ 12 ÷ 31 = 38.7%, ಸುಖವಾದ ಕಾಲ್. ಅರ್ಧ ಮಾತ್ರ ಹೊಡೆದರೆ 6 ÷ 25 = 24%, ಫೋಲ್ಡ್. ಆತನ ಹತ್ತಿರ ಕೆ-ಕೆ ಇರಬಹುದು ಅನ್ನುವುದು ಎರಡೂ ಕಡೆ ನಿಜ. ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಹನ್ನೆರಡರಲ್ಲಿ ಒಂಬತ್ತಾದರೂ ರಿವರ್‌ಗೆ ಬರುತ್ತವೆಯೇ ಅನ್ನುವುದೊಂದೇ ಪ್ರಶ್ನೆ.

ಬಿಗ್‌ಬ್ಲೈಂಡ್_ಕಾವಲು

ಎ-ಜೆ 6 ಕಾಂಬೊ ಎಲ್ಲಿ ಹೋಯಿತು? ಆತನೂ ಎ-ಜೆ ಇಟ್ಟುಕೊಂಡು ಬೆಟ್ ಮಾಡಬಹುದಲ್ಲ. ಆಗ ಪಾಟ್ ಹಂಚಿಕೆ.

ಬೆಲೆ_ಲೆಕ್ಕ

ಅದನ್ನು ಬೇಕೆಂದೇ ಮೊದಲು ಬದಿಗಿಟ್ಟೆ. ಸಮಬಲದ ಕೈಯನ್ನು ಅರ್ಧ ಗೆಲುವು ಅಂತ ಬರೆಯಬೇಕು. ಆರೂ ಬೆಟ್ ಆದರೆ ಮೂರು ಗೆಲುವಿನ ಸಮ. 12 ಬ್ಲಫ್ ಜೊತೆಗೆ (12 + 3) ÷ 37 = 40.5%. ಮುಖ್ಯವಾದದ್ದು ಏನೆಂದರೆ, ಆತ ಎ-ಜೆಯನ್ನು ಮೂರನೇ ಸಲ ಬೆಟ್ ಮಾಡುವವನಾದರೆ ನಮಗೆ 9 ಬ್ಲಫ್ ಬೇಕಿಲ್ಲ, 7 ಸಾಕು. (7 + 3) ÷ 32 = 31.25%. ತೆಳು ವ್ಯಾಲ್ಯೂಗೆ (ಸಾಧಾರಣ ಬಲದ ಕೈಯಲ್ಲೂ ಕಾಲ್ ಬಯಸಿ) ಬೆಟ್ ಮಾಡುವ ಎದುರಾಳಿಯ ಮುಂದೆ ಕಾಲ್ ಅಗ್ಗವಾಗುತ್ತದೆ. ಕೇಳಲು ವಿಚಿತ್ರ ಅನಿಸಿದರೂ ಲೆಕ್ಕ ಹಾಗೇ ಇದೆ.

ಕೆಳಗಿನ ತುದಿಯನ್ನೂ ನೋಡಿ. ಕ್ಯೂ-ಕ್ಯೂ ಇಟ್ಟುಕೊಂಡು ಹೆದರಿ ಚೆಕ್ ಮಾಡುವವನಾದರೆ ಸೋಲಿಸುವ ಕಾಂಬೊ 13ಕ್ಕೆ ಇಳಿಯಿತು, 13 × 0.43 = 5.6, ಬ್ಲಫ್ 6 ಸಾಕು.

ಇಸ್ಪೀಟ್_ಎಕ್ಕ

ಈ ಕೈಯ ತಿರುಳು ಐದು ಕಾಂಬೊದಲ್ಲಿದೆ ಅಂತ ನನ್ನ ಅಭಿಪ್ರಾಯ. 12 ಬ್ಲಫ್‌ಗಳನ್ನು ಎರಡು ಗುಂಪು ಮಾಡಿ.

ಒಂದು ಗುಂಪು ತೋರಿಸಿ ಗೆಲ್ಲಲಾಗದ ಕೈಗಳು: 10-9 ನಾಲ್ಕೂ ಸೂಟಿನಲ್ಲಿ 4, ಕೆ♠ಕ್ಯೂ♠, ಕೆ♠10♠, ಕ್ಯೂ♠10♠. ಒಟ್ಟು 7. ಇವನ್ನು ಚೆಕ್ ಮಾಡಿದರೆ ಗೆಲ್ಲುವ ದಾರಿಯೇ ಇಲ್ಲ, ಬೆಟ್ ಮಾಡುವುದು ಸಹಜ.

ಇನ್ನೊಂದು ಗುಂಪು ಎಕ್ಕದ ಇಸ್ಪೀಟ್‌ಗಳು, 5. ಮಧ್ಯಮ ಮಟ್ಟದ ಆಟಗಾರರಲ್ಲಿ ಬಹಳ ಜನ "ಎಕ್ಕ ಇದೆ, ಆತನ ಡ್ರಾ ಕೂಡ ತಪ್ಪಿದ್ದರೆ ಚೆಕ್ ಮಾಡಿಯೇ ಗೆಲ್ಲಬಹುದು" ಅಂತ ಇಲ್ಲಿ ನಿಂತುಬಿಡುತ್ತಾರೆ. ಅವರೆಲ್ಲ ನಿಂತರೆ 7 ÷ 26 = 26.9%, ಫೋಲ್ಡ್. ಅವರು ಹೊಡೆದರೆ 38.7%, ಕಾಲ್.

ಈಗ ನಮ್ಮ ಕೈಯನ್ನು ಒಂದೇ ಎಲೆ ಬದಲಿಸಿ: ಎ♦ಜೆ♦ ಬದಲು ಎ♠ಜೆ♦. ಬಲ ಅದೇ, ಟಾಪ್ ಪೇರ್ ಟಾಪ್ ಕಿಕರ್. ಸೋಲಿಸುವ 19 ಹಾಗೇ ಇದೆ. ಆದರೆ ಆ ಐದು ಕಾಂಬೊ ಆತನ ಕೈಯಲ್ಲಿ ಇರಲು ಸಾಧ್ಯವೇ ಇಲ್ಲ, ಇಸ್ಪೀಟ್ ಎಕ್ಕ ನಮ್ಮ ಹತ್ತಿರ ಇದೆ. ಆತ ಎಷ್ಟೇ ಧೈರ್ಯದವನಾದರೂ ಬ್ಲಫ್ 7 ಮಾತ್ರ. ಎ-ಜೆಯನ್ನು ಆತ ಚೆಕ್ ಮಾಡುವವನಾದರೆ ಅದು ಫೋಲ್ಡ್. ಬ್ಲಾಕರ್ (ನಮ್ಮ ಹತ್ತಿರ ಇದ್ದು ಆತನ ಕೆಲವು ಕೈಗಳನ್ನು ತಡೆಯುವ ಎಲೆ) ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ, ಆದರೆ ಬಹಳ ಸಲ ತಿರುಗಾಮುರುಗಾ ಬಳಸುತ್ತಾರೆ. "ಇಸ್ಪೀಟ್ ಎಕ್ಕ ನನ್ನ ಹತ್ತಿರ ಇದೆ, ಫ್ಲಶ್ ಆತನ ಹತ್ತಿರ ಇಲ್ಲ, ಅದಕ್ಕೇ ಕಾಲ್" ಅನ್ನುವುದು ಇಸ್ಪೀಟ್ ಮೂರನೆಯದು ಬಿದ್ದ ಬೋರ್ಡಿಗೆ ಸರಿ. ಡ್ರಾ ತಪ್ಪಿದ ಬೋರ್ಡಿನಲ್ಲಿ ಅದೇ ಎಲೆ ನಮಗೆ ಬೇಕಾದ ಬ್ಲಫ್‌ಗಳನ್ನೇ ನುಂಗುತ್ತದೆ.

ಛೇದ_ನೋಡಿ

ಸೇರಿಸಬೇಕಾದ ಒಂದು ಮಾತು. ಇಂಥ ಹಂತದಲ್ಲಿ ಕೆಲವರು "2-2 ಇದ್ದರೆ?" ಅಂತ ಕೇಳುತ್ತಾರೆ. ರಿವರ್‌ನಲ್ಲಿ ಭಯವಾದಾಗ ಪಟ್ಟಿಯಲ್ಲಿಲ್ಲದ ಕೈ ತಂದು ಸೇರಿಸುವುದು ಸಾಮಾನ್ಯ ದೋಷ. 2-2 ತೆರೆಯುವ ಪಟ್ಟಿಯಲ್ಲೇ ಇರಲಿಲ್ಲ. ಇದ್ದಿದ್ದರೂ ಫ್ಲಾಪ್‌ನಲ್ಲಿ 7-7, 6-6 ಜೊತೆ ಚೆಕ್ ಆಗಿ ಹೋಗುತ್ತಿತ್ತು. ಅದೂ ಬಿಡಿ, ಎರಡು 2 ಬೋರ್ಡಿನ ಮೇಲಿದ್ದಾಗ ಉಳಿದ ಕಾಂಬೊ ಒಂದೇ ಒಂದು. ಹೊಸ ಕೈ ಸೇರಿಸಬೇಕು ಅನಿಸಿದರೆ ಪ್ರಿ-ಫ್ಲಾಪ್‌ಗೆ ವಾಪಸ್ ಹೋಗಿ ಎಲ್ಲ ಬೀದಿಯೂ ದಾಟಿಸಿ ತನ್ನಿ. ದಾಟದಿದ್ದರೆ ಅದಕ್ಕೆ ಜಾಗ ಇಲ್ಲ.

ಮೂರನೇ_ಬೀದಿ

ಇದೆಲ್ಲ 21/17 ಆಟಗಾರನಿಗೆ ಸರಿ. 45/8 ಆಡುವವನು ಇದೇ ಮೂರು ಬೆಟ್ ಮಾಡಿದರೆ?

ಕಾಂಬೊ_ಎಣಿಕೆ

45/8 ಅಂದರೆ ಹೆಚ್ಚು ಕೈಗಳನ್ನು ಲಿಂಪ್ (ರೇಸ್ ಮಾಡದೆ ಬಿಗ್ ಬ್ಲೈಂಡ್ ಮೊತ್ತವಷ್ಟೇ ಹಾಕುವುದು) ಅಥವಾ ಕಾಲ್ ಮಾಡಿ ಒಳಗೆ ಬರುವವನು, ರೇಸ್ ಮಾಡುವುದು 8% ಮಾತ್ರ. ಆತ ಮೊದಲ ಸೀಟಿನಿಂದ ರೇಸ್ ಮಾಡಿದ ಅಂದಾಗಲೇ ರೇಂಜ್ ಇಕ್ಕಟ್ಟಾಯಿತು: ದೊಡ್ಡ ಜೋಡಿಗಳು, ಎ-ಕೆ, ಎ-ಕ್ಯೂ. ಕೆ♠10♠, 10-9 ಥರದ್ದು ಲಿಂಪ್ ಖಾತೆಯಲ್ಲಿವೆ. ಮೂರೂ ಬೀದಿ ದೊಡ್ಡ ಬೆಟ್ ಬಂದರೆ ಬ್ಲಫ್ ಆಗಬಲ್ಲ ಕೈ ಎ♠ಕೆ♠, ಎ♠ಕ್ಯೂ♠ ಬಿಟ್ಟರೆ ಉಳಿದೇ ಇಲ್ಲ. ಎ-ಜೆ ಎಸೆಯಿರಿ, ಯೋಚನೆಯೇ ಬೇಡ. ಅದೇ ಆಟಗಾರ ಲಿಂಪ್ ಮಾಡಿ ಬಂದು ಮೂರು ಬೆಟ್ ಮಾಡಿದರೆ ರೇಂಜ್ ಬೇರೆಯೇ: 8-4, ಜೆ-8, 4-4 ಒಳಗೆ ಬಂದವು. ದಾರಿ ಯಾವುದು ಅನ್ನುವುದರ ಮೇಲೆ ಒಬ್ಬನೇ ಆಟಗಾರನಿಗೆ ಎರಡು ರೇಂಜ್.

ವಿಪಿಪ್, ಪಿಎಫ್‌ಆರ್ ನಡುವಿನ ಅಂತರ ನೋಡುವುದು ಅದಕ್ಕೇ. ಅಂತರ 4ರ ಆಸುಪಾಸು ಇದ್ದರೆ ಆತ ಹೆಚ್ಚಾಗಿ ರೇಸ್ ಅಥವಾ ಫೋಲ್ಡ್. ಅಂತರ 20 ದಾಟಿದರೆ ಆತನ ರೇಸ್‌ಗೆ ಗೌರವ ಕೊಡಿ, ಕಾಲ್‌ಗೆ ಕೊಡಬೇಡಿ. 45/35 ಆಡುವವನ ಮೂರು ಬೆಟ್‌ಗೆ ಈ ಎ-ಜೆ ಕಣ್ಣು ಮುಚ್ಚಿ ಕಾಲ್.

ಬಟನ್_ಸೀಟು

ಪ್ರಿ-ಫ್ಲಾಪ್ 4-ಬೆಟ್ (3-ಬೆಟ್ ಮೇಲೆ ಇನ್ನೊಂದು ರೇಸ್) ಬಂದಾಗಲೂ ಇದೇ ಎಣಿಕೆ ನಡೆಯುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಬಿಗಿ ಆಟಗಾರನ 4-ಬೆಟ್‌ಗೆ ಕ್ಯೂ-ಕ್ಯೂ, ಕೆ-ಕೆ, ಎ-ಎ, ಎ-ಕೆ ಕೊಟ್ಟರೆ 18 + 16 = 34 ಕಾಂಬೊ. ನಮ್ಮ ಹತ್ತಿರ ಜೆ-ಜೆ ಇದ್ದರೆ 34 ಹಾಗೇ ಇರುತ್ತದೆ, ಆಲ್-ಇನ್ ಆದರೆ ನಮ್ಮ ಪಾಲು ಸುಮಾರು 36%. ನಮ್ಮ ಹತ್ತಿರ ಎ-ಕೆ ಇದ್ದರೆ ಎ-ಎ 3, ಕೆ-ಕೆ 3, ಕ್ಯೂ-ಕ್ಯೂ 6, ಎ-ಕೆ 9, ಒಟ್ಟು 21 ಮಾತ್ರ. ಪಾಲು 40%ಕ್ಕೆ ಹತ್ತಿರ. ಕೆಲಸ ಮಾಡಿದ್ದು ನಮ್ಮ ಎರಡು ಎಲೆಗಳೇ.

3-ಬೆಟ್ 4% ಅಂದರೆ 53 ಕಾಂಬೊ. 10-10 ಮತ್ತು ಮೇಲಿನ ಜೋಡಿ, ಎ-ಕೆ, ಎ-ಕ್ಯೂ ಸೂಟೆಡ್ ಸೇರಿಸಿದರೆ 50 ಆಗಿಬಿಡುತ್ತದೆ. ಅಲ್ಲಿ ಬ್ಲಫ್‌ಗೆ ಜಾಗ ಇಲ್ಲ. 8% ಆದಾಗ 106, ಆಗ ಮಾತ್ರ ಎ-5 ಸೂಟೆಡ್ ಥರದ ಕೈಗಳ ಬಗ್ಗೆ ಮಾತಾಡಬಹುದು.

ಬಿಗ್‌ಬ್ಲೈಂಡ್_ಕಾವಲು

ಸಮಯದ ಸುಳಿವು ಎಷ್ಟು ನಂಬಬಹುದು? ಆತ ರಿವರ್‌ನಲ್ಲಿ ತಕ್ಷಣ ಬೆಟ್ ಒತ್ತಿದ ಅಥವಾ ಟೈಮ್ ಬ್ಯಾಂಕ್ ಪೂರ್ತಿ ತಿಂದ ಅಂತಿಟ್ಟುಕೊಳ್ಳಿ.

ಇಸ್ಪೀಟ್_ಎಕ್ಕ

ಕಡಿಮೆ ತೂಕ ಕೊಡಿ. ಆತ ನಾಲ್ಕು ಟೇಬಲ್ ಆಡುತ್ತಿದ್ದರೆ ತಡವಾಗಿದ್ದು ಪಕ್ಕದ ಟೇಬಲ್‌ನಲ್ಲಿ ದೊಡ್ಡ ಪಾಟ್ ಇದ್ದುದಕ್ಕೆ ಇರಬಹುದು, ನೆಟ್ ನಿಧಾನ ಆದದ್ದೂ ಇರಬಹುದು. ಸ್ವಲ್ಪ ಭರವಸೆ ಇಡಬಹುದಾದದ್ದು ಒಂದೇ: ಫ್ಲಾಪ್ ಬೆಟ್‌ಗೆ ಕ್ಷಣಾರ್ಧದಲ್ಲಿ ಬಂದ ಕಾಲ್. ಬಲವಾದ ಕೈ ಇದ್ದವನು ರೇಸ್ ಮಾಡಲೇ ಬೇಡವೇ ಅಂತ ಒಂದೆರಡು ಸೆಕೆಂಡ್ ನಿಲ್ಲುತ್ತಾನೆ. ತಕ್ಷಣದ ಕಾಲ್ ಸಾಮಾನ್ಯವಾಗಿ ಮಧ್ಯಮ ಜೋಡಿ ಅಥವಾ ಡ್ರಾ.

ಬೆಟ್‌ನ ಗಾತ್ರ ಹೆಚ್ಚು ಮಾತಾಡುತ್ತದೆ. ಇದೇ ರಿವರ್‌ನಲ್ಲಿ 23 ಬದಲು 9 ಬಂದಿದ್ದರೆ 10-10, ಕ್ಯೂ-ಜೆ ಥರದ ಕೈಗಳು ರೇಂಜ್‌ಗೆ ಸೇರುತ್ತಿದ್ದವು, ಅವಕ್ಕೂ ಅಗ್ಗದಲ್ಲಿ ಒಂದು ಕಾಲ್ ಬೇಕು. 45 ಬಂದಿದ್ದರೆ ರೇಂಜ್ ಎರಡು ತುದಿಗೆ ಒಡೆಯುತ್ತದೆ, ಬಹಳ ಬಲ ಅಥವಾ ಏನೂ ಇಲ್ಲ. ಆಗ ಎ-ಜೆ ಆತನ ಖಾತೆಯಿಂದ ಹೊರಬೀಳುತ್ತದೆ, ನಮಗೆ ಸಿಗುವ ಅರ್ಧ ಗೆಲುವೂ ಹೋಗುತ್ತದೆ.

ಛೇದ_ನೋಡಿ

ಅಭ್ಯಾಸಕ್ಕೆ ರೇಂಜ್ ಲೆಕ್ಕದ ತಂತ್ರಾಂಶಗಳಾದ ಈಕ್ವಿಲ್ಯಾಬ್ ಅಥವಾ ಫ್ಲಾಪ್‌ಜಿಲ್ಲಾ ಸಾಕು. ಆಟ ಮುಗಿದ ಮೇಲೆ ಹ್ಯಾಂಡ್ ಹಿಸ್ಟರಿ ತೆರೆದು ಪ್ರಿ-ಫ್ಲಾಪ್ ರೇಂಜ್ ತುಂಬಿ, ಬೋರ್ಡ್ ಹಾಕಿ, ಪ್ರತಿ ಬೀದಿಯಲ್ಲಿ ಕಾಂಬೊ ಸಂಖ್ಯೆ ಬರೆದುಕೊಳ್ಳಿ. ಒಂದು ಕೈಯನ್ನು ಪೂರ್ತಿ ಸೇರಿಸಲೂ ಆಗದು ಬಿಡಲೂ ಆಗದು ಅನಿಸಿದರೆ ಅರ್ಧ ತೂಕ ಕೊಡಿ. ಎ♠10♠ ಎರಡು ಸಲಕ್ಕೆ ಒಂದು ಸಲ ಬ್ಲಫ್ ಅಂದರೆ 0.5 ಕಾಂಬೊ. ಆಟ ನಡೆಯುವಾಗ ಇವನ್ನು ತೆರೆದಿಟ್ಟುಕೊಳ್ಳಬೇಡಿ. ಆಡುತ್ತಿರುವಾಗ ಲೆಕ್ಕದ ನೆರವು ಪಡೆಯುವುದಕ್ಕೆ ಸೈಟ್‌ಗಳ ನಿಯಮದಲ್ಲಿ ನಿಷೇಧ ಇರುತ್ತದೆ, ಖಾತೆ ಹೋಗುತ್ತದೆ. ಹಡ್‌ಗೂ ಎಲ್ಲ ಕಡೆ ಅನುಮತಿ ಇಲ್ಲ, ಮೊದಲು ನಿಯಮ ಓದಿ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ನಮ್ಮ ರೇಂಜ್ ಆತನಿಗೆ ಹೇಗೆ ಕಾಣುತ್ತದೆ? 2019ರಲ್ಲಿ ಆರು ಜನರ ಆಟದಲ್ಲಿ ವೃತ್ತಿಪರರನ್ನು ಸೋಲಿಸಿದ ಪ್ಲುರಿಬಸ್ ಅನ್ನುವ ಪ್ರೋಗ್ರಾಂ ತನ್ನ ಕೈಯಲ್ಲಿ ಇರುವುದೊಂದನ್ನೇ ಅಲ್ಲ, ತನ್ನ ಹತ್ತಿರ ಇರಬಹುದಾದ ಪ್ರತಿ ಕೈಯೊಂದಿಗೂ ತಾನು ಇಲ್ಲಿಗೆ ಬರುವ ಸಂಭವ ಎಷ್ಟು ಅಂತ ಲೆಕ್ಕ ಇಟ್ಟುಕೊಳ್ಳುತ್ತಿತ್ತು. ನಾವು ಬಿಗ್ ಬ್ಲೈಂಡ್‌ನಿಂದ ಕಾಲ್ ಮಾತ್ರ ಮಾಡಿದ್ದೇವೆ, ಎ-ಎ, ಕೆ-ಕೆ ನಮ್ಮಲ್ಲಿಲ್ಲ ಅಂತ ಆತನಿಗೆ ಗೊತ್ತು. ಫ್ಲಾಪ್, ಟರ್ನ್‌ನಲ್ಲಿ ರೇಸ್ ಮಾಡಲಿಲ್ಲ, 8-8, 4-4 ಕೂಡ ಕಡಿಮೆ. ನಾವು ಒಂದು ಜೋಡಿ ಹಿಡಿದು ಕೂತಿದ್ದೇವೆ ಅನ್ನುವುದು ಆತನಿಗೆ ಸ್ಪಷ್ಟ. ಇದನ್ನು ಅರಿತು ಆಡುವವನು ಆ ಎಕ್ಕದ ಇಸ್ಪೀಟ್‌ಗಳನ್ನೂ ಹೊಡೆಯುತ್ತಾನೆ. ತನ್ನ ಎರಡು ಎಲೆ ಮಾತ್ರ ನೋಡಿ ಆಡುವವನು ಚೆಕ್ ಮಾಡುತ್ತಾನೆ.

ಬಿಗ್‌ಬ್ಲೈಂಡ್_ಕಾವಲು

ಹಾಗಾದರೆ ಕೊನೆಗೆ ಆ ಐದು ಕಾಂಬೊ ಬಗ್ಗೆ ತಿಳಿಯುವ ದಾರಿ ಯಾವುದು? ರಿವರ್ ಅಂಕಿ 7ರಲ್ಲಿ 3 ಅಷ್ಟೇ ಇದೆ, ಅದರಲ್ಲಿ ಮಾಹಿತಿ ಇಲ್ಲ ಅಂದಿರಿ.

ಇಸ್ಪೀಟ್_ಎಕ್ಕ

ಅಂಕಿಯಲ್ಲಿ ಇಲ್ಲ, ಆದರೆ ಆ ಏಳು ಕೈಗಳ ಒಳಗೆ ಇರಬಹುದು. ಆತ ರಿವರ್‌ಗೆ ಬಂದು ಬೆಟ್ ಮಾಡದ ನಾಲ್ಕು ಕೈ ತೆರೆದು ನೋಡಿ, ಎಲೆ ತೋರಿಸಿದ್ದರೆ ಏನು ಚೆಕ್ ಮಾಡಿದ ಅಂತ ಸಿಗುತ್ತದೆ. ಎ♣9♣ ಇಟ್ಟುಕೊಂಡು ಫ್ಲಾಪ್, ಟರ್ನ್ ಬೆಟ್ ಮಾಡಿ, ಕಳಾವರ್ ಫ್ಲಶ್ ತಪ್ಪಿದ ಮೇಲೆ ಚೆಕ್ ಮಾಡಿದ ಒಂದು ಕೈ ಸಿಕ್ಕರೂ ಸಾಕು. ಆಟಗಾರನ ಹೆಸರಿನ ಮೇಲೆ ಹೀಗೆ ಬರೆದಿಡಿ: "ಮೊದಲ ಸೀಟು, ಎರಡು ಬೆಟ್, ತಪ್ಪಿದ ಎಕ್ಕದ ಫ್ಲಶ್ ಡ್ರಾ, ರಿವರ್ ಚೆಕ್." ಸೀಟು, ಎಷ್ಟು ಬೆಟ್, ಯಾವ ಥರದ ಕೈ, ಕೊನೆಗೆ ಏನು ಮಾಡಿದ, ಈ ನಾಲ್ಕೂ ಬೇಕು. "ಬ್ಲಫ್ ಮಾಡಲ್ಲ" ಅಂತ ಬರೆದ ನೋಟ್‌ನಿಂದ ಕಾಂಬೊ ಎಣಿಸಲು ಆಗುವುದಿಲ್ಲ.

ಆ ನೋಟ್ ಇದ್ದರೆ ಬ್ಲಫ್ 12ರಿಂದ 7ಕ್ಕೆ ಬಂತು, ಎ♦ಜೆ♦ ಫೋಲ್ಡ್. ಅಂಥದ್ದೇನೂ ಸಿಗದಿದ್ದರೆ ಐದಕ್ಕೆ ಅರ್ಧ ತೂಕ ಕೊಡಿ, ಎರಡೂವರೆ. 7 + 2.5 = 9.5. ಬೇಕಾದದ್ದು 8.2. ಕಾಲ್.